ಒಂದು ಕಿಲೋ ತೊಂಬತ್ತು ಗ್ರಾಂ

ಈ ಲ್ಯಾಪ್‌ಟಾಪಿನ ತೂಕ ಒಂದು ಕಿಲೋ ತೊಂಬತ್ತು ಗ್ರಾಂ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ ಹೇಳುತ್ತಿಲ್ಲ, ನಾನೇ ತೂಗಿದ್ದೇನೆ. ಇದನ್ನು ಕೊಳ್ಳಲು ಹೋದ ದಿನ ಲಗೇಜು ತೂಗುವ ಕೈತಕ್ಕಡಿಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಊರಿಗೆ ಹೊರಡುವ ಮುನ್ನ ಸೂಟ್‌ಕೇಸಿನ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, ಅಂಕಿ ನಿಲ್ಲುವವರೆಗೆ ಕಾಯುತ್ತೇವಲ್ಲ, ಅದು. ಸೌದಿಯಲ್ಲಿರುವ ನಮ್ಮ ಕಡೆಯವರ ಮನೆಗಳಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇಲ್ಲದಿರಬಹುದು, ಈ ತಕ್ಕಡಿ ಇಲ್ಲದ ಮನೆಯನ್ನು ನಾನು ಕಂಡಿಲ್ಲ.

ಅಂಗಡಿ ದಮ್ಮಾಮಿನಲ್ಲಿತ್ತು, ಭಟ್ಕಳದ ಸಾಹೇಬರೊಬ್ಬರದ್ದು. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಾನು ಕೊಕ್ಕೆಗೆ ನೇತುಹಾಕಿದ್ದನ್ನು ನೋಡಿ ಅವರು ಕನ್ನಡಕವನ್ನು ಹಣೆಗೇರಿಸಿದರು.

“ಎಂತ ಮಾರಾಯ್ರೇ, ಇದು ಬಂಗುಡೆ ಮೀನಾ? ರೇಟಿಗೆ ಚರ್ಚೆ ಮಾಡುವವರನ್ನು ಎಷ್ಟೋ ನೋಡಿದ್ದೇನೆ. ಗ್ರಾಮಿಗೆ ಚರ್ಚೆ ಮಾಡುವವರು ನೀವೇ ಮೊದಲು.”

“ಕೈಬ್ಯಾಗಿಗೆ ಏಳೇ ಕಿಲೋ ಅಲ್ವಾ ಸಾಹೇಬ್ರೇ. ಇದೇ ಮೂರು ಕಿಲೋ ತಿಂದರೆ ಉಳಿದ ಸಾಮಾನು ತಲೆ ಮೇಲೆ ಇಟ್ಕೊಳ್ಳುವುದಾ?”

“ಊರಿಗೆ ಹೋಗುವುದು ವರ್ಷಕ್ಕೆ ಒಂದು ಸಲ. ಉಳಿದ ದಿನ ಇದರಲ್ಲಿ ಕೆಲಸ ಮಾಡುವುದು ಉಂಟೋ, ಇಲ್ಲ ಹೀಗೇ ನೇತುಹಾಕಿ ನೋಡ್ತಾ ಇರುವುದೋ?”

ಈ ಪ್ರಸಂಗವನ್ನು ನಾನು ಎಷ್ಟೋ ಶುಕ್ರವಾರಗಳಂದು, ಮಧ್ಯಾಹ್ನದ ಊಟಕ್ಕೆ ಸ್ನೇಹಿತರು ಬಂದಾಗ ಹೇಳಿ ನಗಿಸಿದ್ದೇನೆ. ಹೇಳುವಾಗಲೆಲ್ಲ ಈ ಜಾಗದಲ್ಲಿ “ಇವಳೂ ಅಲ್ಲೇ ನಿಂತು ನಕ್ಕಳು” ಎಂದು ಸೇರಿಸುತ್ತಿದ್ದೆ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುತ್ತಿದ್ದಳು. ಅವಳು ಒಮ್ಮೆಯೂ ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಈಗ ಖತೀಫಿನ ಇದೇ ಮನೆಯಲ್ಲಿ ಒಬ್ಬನೇ ಕುಳಿತು ಆ ದಿನವನ್ನು ನೆನೆದರೆ ಅವಳ ನಗು ಕೇಳಿಸುವುದಿಲ್ಲ. ಕತೆಗೆ ಆ ಜಾಗದಲ್ಲಿ ಒಂದು ನಗು ಬೇಕಿತ್ತು, ನಾನು ಅವಳ ಬಾಯಲ್ಲಿ ಇಟ್ಟೆ. ಅಷ್ಟೇ ಇರಬೇಕು. ನಿಜವಾಗಿ ಕೇಳಿಸುವುದು ಬೇರೊಂದು ಸದ್ದು, ಬೆರಳುಗಳು ಗಾಜಿಗೆ ತಾಗಿದ್ದು. ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಲ್ಯಾಪ್‌ಟಾಪು ಯಾಕೆ ಬೇಕಾಯಿತು ಎಂದು ಹೇಳಬೇಕು. ಅದನ್ನೂ ಹತ್ತು ಕಡೆ ತಪ್ಪಾಗಿಯೇ ಹೇಳಿದ್ದೇನೆ.

ಅವಳು ಸಿವಿಲ್ ಡಿಪ್ಲೊಮಾ ಓದಿದವಳು. ಮದುವೆಗೆ ಮೊದಲು ಮಂಗಳೂರಿನಲ್ಲಿ ಒಬ್ಬರು ಎಂಜಿನಿಯರ ಕಚೇರಿಯಲ್ಲಿ ಮೂರು ವರ್ಷ ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬಿಡಿಸುತ್ತಿದ್ದಳು. ನನ್ನನ್ನು ಮದುವೆಯಾದ ಮೇಲೆ ಅದು ನಿಂತಿತು. ಮಗಳಿಗೆ ನಾಲ್ಕು ತುಂಬಿದಾಗ ಇಲ್ಲಿಗೆ ಬಂದಳು. ಗಂಡನ ಇಕಾಮಾದ, ಅಂದರೆ ಇಲ್ಲಿ ಇರುವ ಪರವಾನಗಿಯ, ಆಸರೆಯಲ್ಲಿ ಬಂದ ಹೆಂಗಸರಿಗೆ ಇಲ್ಲಿ ಕೆಲಸ ಹುಡುಕುವುದು ಸುಲಭವಿರಲಿಲ್ಲ, ನಾವು ಹುಡುಕಲೂ ಇಲ್ಲ. ಮಗಳು ಆರನೇ ಕ್ಲಾಸಿಗೆ ಬಂದ ವರ್ಷ ಆ ಎಂಜಿನಿಯರೇ ಫೋನು ಮಾಡಿದರು. ಈಗೆಲ್ಲ ಇಂಟರ್ನೆಟ್ಟಿನಲ್ಲೇ ಕಳಿಸಬಹುದು, ನಿಮ್ಮ ಕೈಯ ಗೆರೆ ಈಗಿನ ಮಕ್ಕಳಿಗೆ ಬರುವುದಿಲ್ಲ, ಅಲ್ಲಿಂದಲೇ ಬಿಡಿಸಿ ಕೊಡ್ತೀರಾ ಮೇಡಂ ಎಂದು ಕೇಳಿದರು. ಫೋನು ಇಟ್ಟ ಮೇಲೆ ಅವಳು ಪಾತ್ರೆ ತೊಳೆದಳು. ಎಲ್ಲ ತೊಳೆದಾದ ಮೇಲೆ, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಇದು ನನಗೆ ಚೆನ್ನಾಗಿ ನೆನಪಿದೆ. ನೆನಪಿಗೆ ಇದರಿಂದ ಲಾಭವೇನೂ ಇಲ್ಲ, ಆದ್ದರಿಂದ ನಂಬುತ್ತೇನೆ.

ನಮ್ಮ ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಮೇಜೂ ಇರಲಿಲ್ಲ. ಊಟಕ್ಕೆ ನೆಲದ ಮೇಲೆ ಸುಪ್ರಾ ಎನ್ನುವ ಪ್ಲಾಸ್ಟಿಕ್ ಹಾಳೆ ಹಾಸಿ ಕೂರುತ್ತಿದ್ದೆವು, ಮಗಳು ಹೋಂವರ್ಕನ್ನು ಮಂಚದ ಮೇಲೆ ಮಾಡುತ್ತಿದ್ದಳು. ಇದು ಬಡತನವಲ್ಲ, ರೂಢಿ. ಮನೆಯಲ್ಲಿದ್ದ ಸೋಫಾ ನಮಗಿಂತ ಮೊದಲಿದ್ದವರು ಬಿಟ್ಟುಹೋದದ್ದು, ಕಪಾಟು ಅದಕ್ಕೂ ಮೊದಲಿದ್ದವರದ್ದು. ಅವಳು ಏನಾದರೂ ಕೊಳ್ಳೋಣವೆಂದಾಗ ನನ್ನ ಬಾಯಿಂದ ಬರುತ್ತಿದ್ದ ಮಾತು ಒಂದೇ: “ಹೋಗುವಾಗ ಎಂತ ಮಾಡುವುದು?”

ಹೋಗುವುದು ಯಾವಾಗ ಎಂದು ಅವಳು ಕೇಳುತ್ತಿರಲಿಲ್ಲ. ಕಂಪನಿ ಒಂದು ತಿಂಗಳ ನೋಟೀಸು ಕೊಟ್ಟರೆ ಹೋಗಬೇಕು, ಅಷ್ಟು ಗೊತ್ತು. ಆ ನೋಟೀಸು ಬಂದಿಲ್ಲ. ಇಂದಿಗೂ ಬಂದಿಲ್ಲ. ಖತೀಫಿನ ಈ ಎರಡು ಕೋಣೆಯ ಮನೆಯಲ್ಲಿ ನಾಳೆ ಹೊರಡುವವರ ಹಾಗೆ ಹದಿನಾಲ್ಕು ವರ್ಷ ಇದ್ದೆವು. ಗಾಜಿನ ಬಟ್ಟಲು ಬೇಡ, ಒಡೆಯುತ್ತದೆ. ಕಬ್ಬಿಣದ ಕಾವಲಿ ಬೇಡ, ಭಾರ. ಮಗಳ ಹುಟ್ಟುಹಬ್ಬಕ್ಕೆ ಸೈಕಲ್ ಬೇಡ.

ಕಂಪ್ಯೂಟರಿಗೆ ಒಂದು ದಾರಿಯಾಯಿತು. ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯವರೊಬ್ಬರಿದ್ದರು. ಅವರು ಬಳಸದೆ ಮೂಲೆಗಿಟ್ಟ ಹಳೆಯ ಲ್ಯಾಪ್‌ಟಾಪನ್ನು ತಂದುಕೊಟ್ಟರು. ಹದಿನೇಳು ಇಂಚಿನ ಪರದೆ, ಕೀಬೋರ್ಡಿನ ಬಲಕ್ಕೆ ಅಂಕಿಗಳಿಗೆಂದೇ ಬೇರೆ ಗುಂಡಿಗಳ ಚೌಕ. ಅದರ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ತೊಡೆಯ ಮೇಲೆ ಇಟ್ಟರೆ ಕಾಲು ಜೋಮು ಹಿಡಿಯುತ್ತಿತ್ತು. ಅವಳು ಅದನ್ನು ಇಸ್ತ್ರಿ ಹಲಗೆಯ ಮೇಲೆ ಇಟ್ಟಳು. ಹಲಗೆಯ ಕಾಲುಗಳನ್ನು ತಗ್ಗಿಸಿ, ಸೋಫಾದ ಅಂಚಿನಲ್ಲಿ ಕುಳಿತರೆ ಸರಿಯಾಗಿ ಎತ್ತರ ಸಿಗುತ್ತಿತ್ತು. ಎರಡು ತಿಂಗಳು ಹಾಗೆ ಕೆಲಸ ಮಾಡಿದಳು. ಮೂರು ಮನೆಗಳ ನಕ್ಷೆ ಕಳಿಸಿದಳು. ಸಂಜೆ ನಾನು ಬಂದಾಗ ಹಲಗೆಯ ಮೇಲೆ ನನ್ನ ಅಂಗಿಗಳಿರದೆ ಯಾರದೋ ಮನೆ ಹರಡಿಕೊಂಡಿರುತ್ತಿತ್ತು. ಬಲಗೈ ಮೌಸಿನಿಂದ ಎದ್ದು, ನೋಡದೆಯೇ ಅಂಕಿಗಳ ಚೌಕಕ್ಕೆ ಹೋಗಿ, ಟಪಟಪನೆ ಅಳತೆ ಒತ್ತಿ, ಮತ್ತೆ ಮೌಸಿಗೆ ಮರಳುತ್ತಿತ್ತು. ಬೀಡಿ ಕಟ್ಟುವವರ ಕೈಯ ಹಾಗೆ ಅದು ಅವಳನ್ನು ಕೇಳದೆ ಓಡಾಡುತ್ತಿತ್ತು.

“ನನ್ನ ಅಂಗಿ?”

“ಸ್ವಲ್ಪ ತಡೀರಿ, ಒಂದು ಮೆಟ್ಟಿಲು ಇಳಿಸಿ ಬರ್ತೇನೆ.”

ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಇಲ್ಲಿ ಬರೆಯುವಾಗ ನಮ್ಮ ಮಾತು ಶಾಲೆಗೆ ಹೊರಟ ಮಕ್ಕಳ ಹಾಗೆ ತಲೆ ಬಾಚಿಕೊಂಡಿದೆ. ನಾನು ಅಂಗಿ ಕೇಳಿದ ದನಿ ಇಲ್ಲಿ ಕಾಣುವಷ್ಟು ಚಿಕ್ಕದಾಗಿರಲಿಲ್ಲ.

ಆ ಉಡುಪಿಯವರು ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಹೊರಟರು. ಹೋಗುವ ವಾರ ಮನೆಗೆ ಬಂದು, “ಇದನ್ನು ನಾನು ಹೊತ್ತುಕೊಂಡು ಹೋಗುವುದಿಲ್ಲ ಮಾರಾಯ್ರೇ. ಅಕ್ಕನಿಗೆ ಉಪಯೋಗ ಉಂಟಲ್ಲ, ಇಲ್ಲೇ ಇರಲಿ,” ಎಂದರು. ನಾನು ಅವರ ಎದುರೇ ತಕ್ಕಡಿ ತಂದು ತೂಗಿದೆ. ಮೂರು ಕಿಲೋ ಇನ್ನೂರು, ಚಾರ್ಜರ್ ಬಿಟ್ಟು.

“ಬೇಡ ಬೇಡ,” ಎಂದೆ. “ಹೋಗುವಾಗ ಇದನ್ನು ಎಂತ ಮಾಡುವುದು?”

“ಬಿಸಾಡಿ ಹೋಗಿ! ನಾನು ಈಗ ಮಾಡ್ತಾ ಇರುವುದು ಅದೇ ಅಲ್ವಾ?”

ಅವರು ನಕ್ಕರು, ನಾನೂ ನಕ್ಕೆ. ಹೊಸದನ್ನೇ ಕೊಳ್ಳುತ್ತೇನೆ, ಒಳ್ಳೆಯದು, ಹಗುರದ್ದು, ನನಗೂ ಕೆಲಸಕ್ಕೆ ಬೇಕು, ಇಬ್ಬರಿಗೂ ಒಂದೇ ಆಗುತ್ತದೆ ಎಂದೆ. ಹೆಂಡತಿಯ ಎದುರು ದೊಡ್ಡ ಮನಸ್ಸು ತೋರಿಸಿದ ಹಾಗಾಯಿತು. ಅವಳಿಗೆ ಸಂತೋಷವಾಯಿತೆಂದು ಆಗ ತಿಳಿದುಕೊಂಡೆ. ಹಳೆಯ ಲ್ಯಾಪ್‌ಟಾಪು ಕಟ್ಟಡದ ಕಾವಲುಗಾರನ ಕೋಣೆಗೆ ಹೋಯಿತು.

ಅಂಗಡಿಯ ವಿಷಯ ಇನ್ನೂ ಬಾಕಿ ಇದೆ. ತೂಗಿ ಆದ ಮೇಲೆ ನಾನು ಅದನ್ನು ಅವಳ ಕಡೆಗೆ ಸರಿಸಿ, ನೋಡು ಎಂದೆ. ಅವಳು ಬುರ್ಖಾದ ತೋಳು ಸರಿಸಿಕೊಂಡು ಎರಡೂ ಕೈ ಇಟ್ಟಳು. ಎಡಗೈ ಅಕ್ಷರಗಳ ಮೇಲೆ ಕುಳಿತಿತು. ಬಲಗೈ ಅಭ್ಯಾಸದಂತೆ ಇನ್ನೂ ಬಲಕ್ಕೆ ಹೋಯಿತು. ಅಲ್ಲಿ ಕೀಬೋರ್ಡು ಮುಗಿದಿತ್ತು. ಮೂರು ಬೆರಳುಗಳು ಕೌಂಟರಿನ ಗಾಜಿನ ಮೇಲೆ ಬಿದ್ದು ಎರಡು ಸಲ ತಟ್ಟಿದವು.

“ಅಂಕಿಗಳು ಎಲ್ಲಿ?” ಎಂದಳು.

ಸಾಹೇಬರು ಅಕ್ಷರಗಳ ಮೇಲಿನ ಸಾಲನ್ನು ತೋರಿಸಿದರು. ಇದರಲ್ಲಿ ಬೇರೆ ಇರುವುದಿಲ್ಲ, ಸಣ್ಣದಲ್ವಾ, ಬೇಕಿದ್ದರೆ ಅಂಗೈ ಅಗಲದ್ದು ಬೇರೆಯೇ ಬರುತ್ತದೆ, ವೈರಿನಲ್ಲಿ ಸಿಕ್ಕಿಸಿದರಾಯಿತು ಎಂದರು. ಆಮೇಲೆ ಪಕ್ಕದ ದೊಡ್ಡ ಲ್ಯಾಪ್‌ಟಾಪನ್ನೂ ಅವಳ ಎದುರು ತೆರೆದಿಟ್ಟರು. “ನಕ್ಷೆ ಕೆಲಸಕ್ಕೆ ಹೇಳಿದ್ದು ಇದು. ಆದರೆ ಇದನ್ನು ನಿಮ್ಮ ಯಜಮಾನ್ರ ತಕ್ಕಡಿ ಪಾಸು ಮಾಡ್ಲಿಕ್ಕಿಲ್ಲ.”

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವಳು “ಪರವಾಗಿಲ್ಲ, ಸಣ್ಣದೇ ಸಾಕು” ಎನ್ನುತ್ತಾಳೆ. ಇನ್ನೊಂದರಲ್ಲಿ ಆ ಮಾತನ್ನು ನಾನು ಸಾಹೇಬರಿಗೆ ಹೇಳುತ್ತೇನೆ, ಅವಳ ಪರವಾಗಿ: “ಅವಳಿಗೆ ಸಣ್ಣದೇ ಸಾಕು.” ಬಹಳ ವರ್ಷ ಮೊದಲನೆಯದನ್ನೇ ಇಟ್ಟುಕೊಂಡಿದ್ದೆ. ಎರಡನೆಯದು ಅವಳು ಊರಿಗೆ ಹೋದ ಮೇಲೆ ಬಂದದ್ದು. ತಡವಾಗಿ ಬಂದದ್ದಕ್ಕೆ ಅದು ನಿಜವೇ, ಅಥವಾ ನನ್ನನ್ನು ಹಳಿದುಕೊಳ್ಳುವ ಹೊಸ ಚಟಕ್ಕೆ ಹುಟ್ಟಿಕೊಂಡದ್ದೇ, ಹೇಳಲಾರೆ. ಆ ವೈರಿನ ಅಂಕಿಚೌಕವನ್ನು ಬೇಡ ಎಂದದ್ದು ಮಾತ್ರ ನಾನೇ. ಅದರಲ್ಲಿ ಎರಡನೆಯ ನೆನಪಿಲ್ಲ. ಹೊತ್ತೊಯ್ಯಲು ಇನ್ನೊಂದು ಸಾಮಾನು ಯಾಕೆ ಎಂದೆ.

ಇಬ್ಬರಿಗೂ ಒಂದೇ ಲ್ಯಾಪ್‌ಟಾಪು ಎಂಬುದರ ಅರ್ಥ ಮರುದಿನದಿಂದ ತಿಳಿಯಿತು. ಬೆಳಿಗ್ಗೆ ಆರಕ್ಕೆ ಅದು ನನ್ನ ಹೆಗಲ ಚೀಲದಲ್ಲಿ ಹೊರಡುತ್ತಿತ್ತು. ನನ್ನದು ಸುರಕ್ಷತಾ ಸಾಮಾನು ಒದಗಿಸುವ ಒಂದು ಸಣ್ಣ ಕಂಪನಿಯ ಕೆಲಸ. ಹೆಲ್ಮೆಟ್, ಕೈಗವಸು, ಬೂಟು, ಮುಖದ ಮಾಸ್ಕು. ವಾರದಲ್ಲಿ ನಾಲ್ಕು ದಿನ ಅಬ್ಕೈಕಿನ ಎಣ್ಣೆ ಸ್ಥಾವರದ ಕಡೆಗೆ ಹೋಗಬೇಕು. ಲ್ಯಾಪ್‌ಟಾಪು ಸಂಜೆ ಐದೂವರೆಗೆ ನನ್ನೊಂದಿಗೆ ಮನೆಗೆ ಬರುತ್ತಿತ್ತು. ಅಲ್ಲಿಂದ ಅದು ಅವಳದು. ಅಡುಗೆ, ಮಗಳ ಪಾಠ, ನನ್ನ ಅಂಗಿ ಎಲ್ಲ ಮುಗಿದ ಮೇಲೆ ಎನ್ನುವುದು ಬೇರೆ. ಮೊದಲು ಹಗಲೆಲ್ಲ ಮಾಡುತ್ತಿದ್ದ ಕೆಲಸವನ್ನು ಈಗ ಎರಡು ಗಂಟೆಯಲ್ಲಿ ಮಾಡಬೇಕಿತ್ತು.

ಇನ್ನು ಅಬ್ಕೈಕಿನ ಗೇಟಿನ ವಿಷಯ. ಅದನ್ನು ಬರೆಯದೆ ಈ ಬರಹ ಮುಗಿಸಬಹುದೇ ಎಂದು ಎರಡು ದಿನ ನೋಡಿದೆ. ಆಗಲಿಲ್ಲ.

ಆ ಗೇಟಿನೊಳಕ್ಕೆ ಸ್ವಂತ ಲ್ಯಾಪ್‌ಟಾಪು ಒಯ್ಯುವಂತಿಲ್ಲ. ಮೊದಲೇ ಬರೆದುಕೊಟ್ಟು, ಮೇಲಿನವರ ಸಹಿಯಾಗಿ, ಪಾಸು ಬಂದರೆ ಮಾತ್ರ ಬಿಡುತ್ತಾರೆ. ನಮ್ಮಂಥ ಸಾಮಾನು ಇಳಿಸುವವರಿಗೆ ಆ ಪಾಸು ಸಿಗುವುದಿಲ್ಲ. ಒಳಗೆ ನನಗೆ ಅದರ ಅಗತ್ಯವೂ ಇರಲಿಲ್ಲ, ಲೆಕ್ಕ ಒಪ್ಪಿಸಲು ಅವರದೇ ಕಂಪ್ಯೂಟರು ಇತ್ತು. ಹೀಗಾಗಿ ಗೇಟಿನ ಹೊರಗೆ ನಮ್ಮ ಕಂಪನಿಯವರು ಬಾಡಿಗೆಗೆ ಹಿಡಿದ ಒಂದು ಪೋರ್ಟಾಕ್ಯಾಬಿನ್‌ನಲ್ಲಿ ನನ್ನ ಹಗುರ ಲ್ಯಾಪ್‌ಟಾಪು ಇಡೀ ದಿನ ಕಾಯುತ್ತಿತ್ತು. ಬೇಸಿಗೆಯಲ್ಲಿ ಕಾರಿನಲ್ಲಿಟ್ಟರೆ ಬೆಂದುಹೋಗುತ್ತದೆಂದು ಒದ್ದೆ ಮಾಡಿ ಹಿಂಡಿದ ಟವೆಲನ್ನು ಚೀಲದ ಮೇಲೆ ಹೊದಿಸಿ ಏ.ಸಿ.ಯ ಕೆಳಗೆ ಇಡುತ್ತಿದ್ದೆ. ಹಸುಗೂಸನ್ನು ನೋಡಿಕೊಳ್ಳುವಷ್ಟು ಜಾಗ್ರತೆ. ಮಧ್ಯಾಹ್ನ ಹೊರಬಂದಾಗ ತೆರೆದು ಊರಿನ ಸುದ್ದಿ ನೋಡುತ್ತಿದ್ದೆ, ಇಪ್ಪತ್ತು ನಿಮಿಷ.

ಗೇಟಿನ ನಿಯಮ ಆಮೇಲೆ ತಿಳಿಯಿತು ಎಂದು ನಾನು ಹೆಂಡತಿಗೆ ಹೇಳಿದ್ದೆ. ಎಷ್ಟು ಸಲ ಹೇಳಿದೆನೆಂದರೆ ನಾನೂ ನಂಬಿದೆ. ಆದರೆ ಇದನ್ನು ಕೊಳ್ಳುವ ಹೊತ್ತಿಗೆ ನಾನು ಆ ಗೇಟಿಗೆ ಆರು ವರ್ಷದಿಂದ ಹೋಗುತ್ತಿದ್ದೆ. ಲ್ಯಾಪ್‌ಟಾಪಿನ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದ ಫಲಕ ಅಲ್ಲಿ ಗೋಡೆಯ ಮೇಲೆ ಇದೆ, ಸರತಿಯಲ್ಲಿ ನಿಂತಾಗ ಕಣ್ಣಿಗೆ ನೇರಕ್ಕೆ. ನನಗೆ ಗೊತ್ತಿತ್ತು.

ಹಾಗಾದರೆ ಯಾಕೆ ಹೊತ್ತುಕೊಂಡು ಹೋದೆ? ತೆಳ್ಳಗಿನ ಚೀಲ ಹೆಗಲಿಗೆ ಹಾಕಿಕೊಂಡ ಎಂಜಿನಿಯರುಗಳ ಸಾಲಿನಲ್ಲಿ ನಾನೂ ಒಬ್ಬನಂತೆ ಕಾಣುತ್ತಿದ್ದೆ, ಅದು ಇರಬಹುದು. ಚಹಾದ ಅಂಗಡಿಯಲ್ಲಿ ಚೀಲದಿಂದ ಹೊರತೆಗೆದಾಗ ಜೊತೆಯವರು, “ಅರೇ, ಯೇ ತೋ ಕಾಪಿ ಜೈಸಾ ಹೈ!” ಎಂದು ನೋಟುಪುಸ್ತಕದ ಹಾಗೆ ಎತ್ತಿ ನೋಡುತ್ತಿದ್ದರು, ಅದೂ ಇರಬಹುದು. ಯಾವ ದಿನವಾದರೂ ಹೋಗು ಅಂದರೆ ಕೈಯಲ್ಲಿ ಹಿಡಿದು ಹೊರಡುವಂತಿರಬೇಕು ಎಂಬ ಹಳೆಯ ಹೆದರಿಕೆ ಇದ್ದೇ ಇತ್ತು. ಇಷ್ಟನ್ನೂ ಬರೆದ ಮೇಲೆ ಇನ್ನೊಂದು ಉಳಿಯುತ್ತದೆ. ಹಗಲಲ್ಲಿ ಅದು ಮನೆಯಲ್ಲಿದ್ದರೆ ಅವಳು ಹಗಲೆಲ್ಲ ಕೆಲಸ ಮಾಡುತ್ತಿದ್ದಳು. ಸಂಜೆ ನಾನು ಬಂದಾಗ ಇಸ್ತ್ರಿ ಹಲಗೆಯ ಮೇಲೆ ಯಾರದೋ ಮನೆ ಹರಡಿಕೊಂಡಿರುತ್ತಿತ್ತು. ಅದು ನನಗೆ ಬೇಡವಾಗಿತ್ತೇ? ಗೊತ್ತಿಲ್ಲ ಎಂದು ಬರೆದಿದ್ದೆ, ಅಳಿಸಿದ್ದೇನೆ.

ಮುಂದಿನ ಚಳಿಗಾಲದಲ್ಲಿ ಅವಳ ನಕ್ಷೆಯೊಂದರಲ್ಲಿ ತಪ್ಪಾಯಿತು. ಮಂಗಳೂರಿನ ಹತ್ತಿರ ಕಟ್ಟುತ್ತಿದ್ದ ಎರಡು ಮಹಡಿಯ ಮನೆ. ಹದಿಮೂರು ಇಂಚಿನ ಪರದೆಯಲ್ಲಿ ಇಡೀ ಮನೆಯನ್ನು ನೋಡಿದರೆ ಅಂಕಿಗಳು ಸಾಸಿವೆಯಷ್ಟಾಗುತ್ತವೆ, ಅಂಕಿ ಕಾಣುವಷ್ಟು ಹಿಗ್ಗಿಸಿದರೆ ಒಂದು ಮೂಲೆ ಬಿಟ್ಟು ಮನೆಯೇ ಕಾಣುವುದಿಲ್ಲ. ಅವಳು ಮೆಟ್ಟಿಲನ್ನು ಒಂದು ಸಲ, ಕೆಳಗಿನ ಬಾಗಿಲನ್ನು ಇನ್ನೊಂದು ಸಲ ನೋಡಿದಳು. ಎರಡನ್ನೂ ಒಟ್ಟಿಗೆ ನೋಡಲಿಲ್ಲ. ಬೆರಳುಗಳೂ ಮೇಲಿನ ಸಾಲಿಗೆ ಒಗ್ಗಿರಲಿಲ್ಲ, ಒಂದು ಅಳತೆಯಲ್ಲಿ ಎರಡು ಅಂಕಿ ಅದಲುಬದಲಾಗಿತ್ತು. ಮೆಟ್ಟಿಲು ತಿರುಗುವ ಕಡೆಯ ತೊಲೆ ಕೆಳಗಿನ ಬಾಗಿಲ ತಲೆಗಿಂತ ಒಂದು ಅಡಿ ಕೆಳಗಿಳಿದು ಕುಳಿತಿತು. ಮೇಸ್ತ್ರಿ ಹಲಗೆ ಕಟ್ಟಿ, ಕಂಬಿ ಹಾಸಿ, ಬಾಗಿಲಲ್ಲಿ ನಿಂತು ನೋಡಿದಾಗ ತಲೆ ತಾಗಿತಂತೆ. ಕಾಂಕ್ರೀಟು ಹಾಕಿರಲಿಲ್ಲ, ಅಷ್ಟೇ ಪುಣ್ಯ.

ಎಂಜಿನಿಯರು ಫೋನು ಮಾಡಿದಾಗ ನಾನು ಮನೆಯಲ್ಲಿದ್ದೆ. ಅವಳು ಅಡುಗೆಮನೆಯಲ್ಲಿ ನಿಂತು ಮಾತಾಡಿದಳು, ಕೈಯಲ್ಲಿ ಹಿಟ್ಟು ಇದ್ದುದರಿಂದ ಸ್ಪೀಕರಿನಲ್ಲಿ. ಅವರು ಬಯ್ಯಲಿಲ್ಲ.

“ಮೇಡಂ, ನಿಮ್ಮ ಕೈಯಿಂದ ಹೀಗೆ ಆಗುವುದಿಲ್ಲ ಅಂತ ನನಗೆ ಗೊತ್ತುಂಟು. ಸ್ಕ್ರೀನು ಎಷ್ಟು ದೊಡ್ಡದು ನಿಮ್ಮದು?”

ಅವಳು ಹೇಳಿದಳು.

“ಅಯ್ಯೋ, ಅದರಲ್ಲಿ ಎಂತ ಕಾಣ್ತದೆ ಮಾರಾಯ್ತಿ! ಒಂದು ದೊಡ್ಡ ಸ್ಕ್ರೀನ್ ಹಾಕಿಕೊಳ್ಳಿ. ಆಮೇಲೆ ನೋಡುವ.”

ಅವಳು ನನ್ನತ್ತ ತಿರುಗಲಿಲ್ಲ. ರೊಟ್ಟಿ ತಟ್ಟುತ್ತ, “ಆಯಿತು ಸರ್, ನೋಡ್ತೇನೆ,” ಎಂದಳು. ಆ ವಾರಾಂತ್ಯ ಒಮ್ಮೆ, ಒಮ್ಮೆ ಮಾತ್ರ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪರದೆಯ ಬಗ್ಗೆ ಕೇಳಿದಳು. ಅದನ್ನಿಡಲು ಒಂದು ಮೇಜೂ ಬೇಕಾಗುತ್ತದೆ ಎಂದಳು. ನನ್ನ ಉತ್ತರ ಓದುವವರಿಗೆ ಈಗಾಗಲೇ ಗೊತ್ತು. ಅವಳಿಗೂ ಗೊತ್ತಿತ್ತು, ನಾನು ಮುಗಿಸುವ ಮೊದಲೇ ಎದ್ದು ಹೋಗಿದ್ದಳು.

ಎಂಜಿನಿಯರು ಇನ್ನೂ ಎರಡು ಸಣ್ಣ ಕೆಲಸ ಕಳಿಸಿದರು, ಕಾಂಪೌಂಡು ಗೋಡೆ ಒಂದು, ಕಾರು ನಿಲ್ಲಿಸುವ ಚಾವಣಿ ಒಂದು. ಆಮೇಲೆ ಕಳಿಸಲಿಲ್ಲ. ನಾನು ಶುಕ್ರವಾರದ ಊಟಗಳಲ್ಲಿ ಅದಕ್ಕೂ ಒಂದು ಕತೆ ಮಾಡಿದೆ. “ಅವಳಿಗೆ ಬೋರಾಯಿತು, ಬಿಟ್ಟಳು. ಹಣಕ್ಕೇನು ಕಡಿಮೆ ಇತ್ತಾ ನಮಗೆ?” ಒಂದು ಸಲ ಮಗಳು ನೀರಿನ ಜಗ್ಗು ಹಿಡಿದುಕೊಂಡು ಬಂದವಳು ಇದನ್ನು ಕೇಳಿದಳು. ಆಗ ಅವಳು ಎಂಟನೇ ಕ್ಲಾಸು.

“ಉಪ್ಪಾ, ಉಮ್ಮ ಬಿಡಲಿಲ್ಲ. ದೇ ಸ್ಟಾಪ್ಡ್ ಸೆಂಡಿಂಗ್,” ಎಂದಳು ಅತಿಥಿಗಳ ಮುಂದೆಯೇ.

“ಎರಡೂ ಒಂದೇ,” ಎಂದೆ.

“ಒಂದೇ ಅಲ್ಲ.”

ಯಾರೋ ಬಿರಿಯಾನಿಯ ಉಪ್ಪಿನ ವಿಷಯ ತೆಗೆದರು, ಮಾತು ಅಲ್ಲಿಗೆ ತಿರುಗಿತು.

ಒಂದು ನಕ್ಷೆ ಮಾತ್ರ ಅವಳು ಆಮೇಲೂ ಬಿಡಿಸಿದಳು. ಅದು ಈಗಲೂ ಈ ಲ್ಯಾಪ್‌ಟಾಪಿನಲ್ಲಿದೆ, ಫೈಲಿನ ಹೆಸರು ‘ಮನೆ’ ಎಂದಷ್ಟೇ. ಒಂದು ಸಂಜೆ ಅವಳು ಅದನ್ನು ತೆರೆದು ನನ್ನ ಮುಂದೆ ಹಿಡಿದಳು. ನಾನು ಎರಡು ಕೋಣೆ, ಒಂದು ಹಾಲು, ಉದ್ದನೆಯ ಅಡುಗೆಮನೆ ನೋಡಿ, “ಯಾರ ಮನೆ ಇದು? ಬಹಳ ಇಕ್ಕಟ್ಟು,” ಎಂದೆ.

“ಹತ್ತು ವರ್ಷದಿಂದ ಬಾಡಿಗೆ ಕಟ್ಟುವವರದ್ದು.”

ಆಗ ಗುರುತು ಸಿಕ್ಕಿತು. ಬಾಗಿಲು ಪೂರ್ತಿ ತೆರೆಯದಂತೆ ತಡೆಯುವ ವಾಷಿಂಗ್ ಮೆಷಿನ್ನು, ಸೋಫಾ, ಕಪಾಟು, ಎಲ್ಲ ಅಳತೆಗೆ ಸರಿಯಾಗಿ ಇದ್ದವು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಒಂದು ಮೇಜಿತ್ತು, ನಾಲ್ಕಡಿಗೆ ಎರಡಡಿ. ಅದೊಂದು ನಮ್ಮ ಮನೆಯಲ್ಲಿ ಇರಲಿಲ್ಲ. ಅದರ ಸುತ್ತ ಓಡಾಡಲು ಎಷ್ಟು ಜಾಗ ಉಳಿಯುತ್ತದೆಂದೂ ಅವಳು ಬಾಣ ಎಳೆದು ಬರೆದಿದ್ದಳು. ನಾನೇನು ಹೇಳಿದೆನೋ ನೆನಪಿಲ್ಲ. ಹೊಗಳಿದ್ದೆ ಎಂದುಕೊಳ್ಳಲು ಇಷ್ಟ. ಆದರೆ ಹೊಗಳಿದ್ದರೆ ಮೇಜು ಬರಬೇಕಿತ್ತು, ಬಂದಿಲ್ಲ.

ಮಗಳು ಹನ್ನೆರಡನೇ ಕ್ಲಾಸು ಮುಗಿಸಿದಳು. ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದಿದ ಮಕ್ಕಳ ದಾರಿ ಅಲ್ಲಿಂದ ಮುಂದೆ ಊರಿಗೇ. ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹೆಂಡತಿ ಜೊತೆಯಲ್ಲಿ ಹೋಗಿ ಅಲ್ಲೇ ಬಾಡಿಗೆ ಮನೆ ಮಾಡುವುದೆಂದು ಆಯಿತು. ಇಕಾಮಾ ರದ್ದುಮಾಡಿ ಖಾಯಂ ಹೋಗುವುದು. ಹದಿನಾಲ್ಕು ವರ್ಷ ನಾನು ಸಿದ್ಧನಾಗಿದ್ದ ‘ಹೋಗುವಾಗ’ ಕೊನೆಗೂ ಬಂತು, ಬಂದದ್ದು ಅವರಿಬ್ಬರಿಗೆ.

ಸೂಟ್‌ಕೇಸುಗಳನ್ನು ನಾನೇ ತೂಗಿದೆ. ಹೇಳಿದರೆ ನಂಬಬೇಕು, ಅವೆರಡೂ ತುಂಬಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಒಯ್ಯುವಂಥದ್ದು ಅಷ್ಟೇ ಇತ್ತು. ಅವಳ ಕೈಬ್ಯಾಗಿನಲ್ಲಿ ಎರಡು ಕಿಲೋ ಜಾಗ ಉಳಿದಿದೆ ಎಂದು ನಾನು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಅದರೊಳಗಿಟ್ಟೆ.

ಅವಳು ತೆಗೆದು ಇಸ್ತ್ರಿ ಹಲಗೆಯ ಮೇಲಿಟ್ಟಳು.

“ತೆಗೆದುಕೊಂಡು ಹೋಗು. ಭಾರ ಇಲ್ಲ,” ಎಂದೆ.

“ಅದು ಗೊತ್ತುಂಟು,” ಎಂದಳು. “ನಿಮಗೆ ಬೇಕಾಗ್ತದೆ. ಹೋಗುವಾಗ ಹಿಡಿದುಕೊಂಡು ಬರಲಿಕ್ಕೆ ಸುಲಭ.”

ಮಾತಿನಲ್ಲಿ ಕೊಂಕಿರಲಿಲ್ಲ. ಇತ್ತೆಂದು ಬರೆದರೆ ನನಗೆ ಹಗುರವಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಉಳಿದ ಜಾಗಕ್ಕೆ ಅವಳು ಖರ್ಜೂರದ ಡಬ್ಬಿ ಇಟ್ಟಳು.

ಕಳೆದ ತಿಂಗಳು ಮಗಳು ವಿಡಿಯೋ ಕಾಲ್ ಮಾಡಿದಳು. ಕಾಲೇಜಿಗೆ ಲ್ಯಾಪ್‌ಟಾಪು ಬೇಕಿತ್ತು, ತಾಯಿ ಮಗಳು ಹೋಗಿ ತಂದಿದ್ದರು. ನನ್ನನ್ನು ಕೇಳಿರಲಿಲ್ಲ.

“ಉಪ್ಪಾ, ನೀವು ಉಮ್ಮನನ್ನು ಅಂಗಡಿಯಲ್ಲಿ ನೋಡಬೇಕಿತ್ತು. ನನಗೆ ಪಿಂಕ್ ಕಲರಿನ ಸಣ್ಣದು ಬೇಕಿತ್ತು, ಸೋ ಕ್ಯೂಟ್. ಉಮ್ಮ ಬೆಲೆಯೂ ಕೇಳಲಿಲ್ಲ, ಕಲರೂ ನೋಡಲಿಲ್ಲ. ಎಲ್ಲಾ ಲ್ಯಾಪ್‌ಟಾಪಿನ ಮೇಲೆ ಸುಮ್ಮನೆ ಬಲಗೈ ಇಟ್ಟು ಇಟ್ಟು ನೋಡಿದ್ರು. ಅಂಗಡಿಯವನು ಅಂದ, ಎಂತ ಆಂಟಿ, ಕೈ ಬಿಸಿ ಮಾಡ್ತಾ ಇದ್ದೀರಾ ಅಂತ!”

ಅವಳು ಫೋನನ್ನು ತಿರುಗಿಸಿ ತೋರಿಸಿದಳು. ಕಪ್ಪು ಬಣ್ಣದ ದೊಡ್ಡ ಲ್ಯಾಪ್‌ಟಾಪು, ಬಲಕ್ಕೆ ಅಂಕಿಗಳ ಚೌಕ. ಅದು ಒಂದು ಮೇಜಿನ ಮೇಲಿತ್ತು. ಮೇಜು ಕಿಟಕಿಯ ಕೆಳಗಿತ್ತು. ಎಷ್ಟಡಿಗೆ ಎಷ್ಟಡಿ ಎಂದು ಫೋನಿನಲ್ಲಿ ತಿಳಿಯಲಿಲ್ಲ.

ಆಗ ನಾನು ಕೇಳಬಹುದಾದದ್ದು ಬಹಳ ಇತ್ತು. ಹಗಲು ಮಗಳು ಕಾಲೇಜಿಗೆ ಹೋದ ಮೇಲೆ ಅದರ ಮುಂದೆ ಯಾರು ಕೂರುತ್ತಾರೆ, ಎಂಜಿನಿಯರ ಕಚೇರಿ ಆ ಮನೆಯಿಂದ ಎಷ್ಟು ದೂರ, ಅವರಿಗೆ ಫೋನು ಮಾಡಿದೆಯಾ, ಕಣ್ಣು ಹೇಗಿದೆ, ಬೆರಳುಗಳಿಗೆ ಇನ್ನೂ ದಾರಿ ಗೊತ್ತುಂಟಾ. ಬಾಯಿ ತೆರೆದೆ. ಬಂದದ್ದು ಬೇರೆ.

“ತೂಕ ಎಷ್ಟು?”

ಮಗಳು ನಗಲು ತೊಡಗಿ ನಿಲ್ಲಿಸಿದಳು. ಪರದೆಯ ಹೊರಗಿನಿಂದ, ಪಾತ್ರೆಗಳ ಸದ್ದಿನ ನಡುವೆ ಹೆಂಡತಿಯ ದನಿ ಕೇಳಿಸಿತು.

“ನಾವು ಅದನ್ನು ಎಲ್ಲಿಗೂ ಹೊತ್ತುಕೊಂಡು ಹೋಗುವುದಿಲ್ಲ ಅಂತ ಹೇಳು.”

ಮಗಳು ಅದನ್ನು ನನಗೆ ಹೇಳಲಿಲ್ಲ, ನಾನು ಕೇಳಿಸಿಕೊಂಡದ್ದು ಅವಳಿಗೆ ಗೊತ್ತಿತ್ತು. ಪರೀಕ್ಷೆ, ಸೆಕೆ, ನೀರಿನ ಟ್ಯಾಂಕಿನ ವಿಷಯ ಮಾತಾಡಿ ಫೋನು ಇಟ್ಟೆವು. ಆ ದಿನದ ನಂತರ ಎಂಟೋ ಹತ್ತೋ ಸಲ ಮಾತಾಡಿದ್ದೇವೆ. ಹೆಂಡತಿ ನಕ್ಷೆ ಬಿಡಿಸುತ್ತಿದ್ದಾಳೆಯೇ ಎಂದು ನಾನು ಇನ್ನೂ ಕೇಳಿಲ್ಲ. ಅವಳೂ ಹೇಳಿಲ್ಲ. ಇದ್ದರೂ ನನಗೆ ಹೇಳುವ ಕಾರಣ ಅವಳಿಗೇನಿದೆ ಎಂದು ಯೋಚಿಸಿದರೆ, ಒಂದೂ ಹೊಳೆಯುವುದಿಲ್ಲ.

ಇದನ್ನು ಇಸ್ತ್ರಿ ಹಲಗೆಯ ಮೇಲಿಟ್ಟು ಬರೆದಿದ್ದೇನೆ. ಹಲಗೆಯ ಕಾಲು ತಗ್ಗಿಸುವ ಕೊಂಡಿ ನನಗೆ ಸಿಗಲಿಲ್ಲ, ಅದು ಅವಳಿಗೇ ಗೊತ್ತಿದ್ದದ್ದು. ನಿಂತುಕೊಂಡೇ ಬರೆದೆ.